ನೆಟ್ ನಿಧಾನವಾದಾಗ ಕಂಪ್ಯೂಟರಿನಲ್ಲಿ ಮುಟ್ಟಬೇಕಾದದ್ದು, ಮುಟ್ಟಬಾರದ್ದು

ಗಂಗಾವತಿಯ ಅಕ್ಕಿ ಗಿರಣಿಯೊಂದರ ಗುಮಾಸ್ತ ಕಳೆದ ಬೇಸಿಗೆಯಲ್ಲಿ ಸಿಪಿಯು ಪೆಟ್ಟಿಗೆಯನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದುಕೊಂಡು ಕೊಪ್ಪಳದ ನನ್ನ ರಿಪೇರಿ ಅಂಗಡಿಗೆ ಬಂದಿದ್ದ. "ಅಣ್ಣಾ, ಸ್ಪೀಡ್ ಟೆಸ್ಟ್ ಮಾಡಿದರೆ 94 ತೋರಿಸುತ್ತದೆ. ಫೈಲ್ ಇಳಿಸಲು ಹೋದರೆ ಎತ್ತಿನ ಬಂಡಿ. ಕೇಬಲ್‌ನವನು ಮೂರು ಸಲ ಬಂದು ನೋಡಿ ಹೋದ, ತನ್ನ ಕಡೆ ಎಲ್ಲ ಸರಿಯಿದೆ ಎನ್ನುತ್ತಾನೆ. ಸಾಹುಕಾರರು ನನ್ನ ಮೇಲೆ ಹಾರಾಡುತ್ತಿದ್ದಾರೆ" ಎಂದ. ಕೇಬಲ್‌ನವನ ಮಾತು ನಿಜವಾಗಿತ್ತು. ದೋಷ ವಿಂಡೋಸ್‌ನೊಳಗೇ ಇತ್ತು. ಅದೂ ತಾನಾಗಿ ಬಂದದ್ದಲ್ಲ, ಯಾರೋ ವೇಗ ಹೆಚ್ಚಿಸಲು ಹೋಗಿ ಮಾಡಿಟ್ಟದ್ದು. ಅದೇನೆಂದು ಅದರ ಜಾಗದಲ್ಲಿ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನೀವು ಹಣ ಕಟ್ಟಿರುವುದು 50 ಎಂಬಿಪಿಎಸ್‌ಗಾದರೆ ಯಾವ ಸೆಟ್ಟಿಂಗ್ ತಿರುವಿದರೂ 60 ಬರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಹೊಲವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಬಿಟ್ಟದ್ದಕ್ಕಿಂತ ಹೆಚ್ಚು ನೀರು ಕೆಳಗೆ ಬಾರದು. ಆದರೆ ಬಿಟ್ಟ ನೀರು ಎಲ್ಲಿ ಸೋರಿತು, ನಡುವೆ ಯಾರ ತೂಬು ತೆರೆದಿದೆ, ನಮ್ಮದೇ ಹೊಲಗಾಲುವೆಯಲ್ಲಿ ಹೂಳು ತುಂಬಿದೆಯೇ ಎಂದು ನಡೆದು ನೋಡಬಹುದು. ಕಂಪ್ಯೂಟರಿನಲ್ಲಿ ನಾವು ಮಾಡುವುದೂ ಇಷ್ಟೇ.

ಇಲ್ಲಿ ಹೇಳುವ ದಾರಿಗಳು ವಿಂಡೋಸ್ 11ರವು. ವಿಂಡೋಸ್ 10ರಲ್ಲಿ ಮೆನುಗಳು ಸ್ವಲ್ಪ ಆಚೀಚೆ ಇರುತ್ತವೆ, ಹುಡುಕಿದರೆ ಸಿಗುತ್ತವೆ. ಕಮಾಂಡ್‌ಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ, ನಾನು ಬಿಟ್ಟಲ್ಲೆಲ್ಲ ಜಾಗ ಬಿಡಿ. ಯಾವುದೇ ಸೆಟ್ಟಿಂಗ್ ಬದಲಿಸುವ ಮುನ್ನ ಪರದೆಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆದು ನೋಡಿ. ಐದನ್ನು ಒಟ್ಟಿಗೆ ಬದಲಿಸಿ "ಯಾವುದರಿಂದ ಕೆಟ್ಟಿತೋ ಗೊತ್ತಿಲ್ಲ" ಎಂದು ಬರುವವರ ಯಂತ್ರ ಸರಿಪಡಿಸುವುದೇ ಅತಿ ಕಷ್ಟದ ಕೆಲಸ.

ಮೊದಲು ಅಳತೆ

ಪ್ಲಾನ್‌ನಲ್ಲಿರುವ ಎಂಬಿಪಿಎಸ್ ಬಿಟ್‌ಗಳ ಲೆಕ್ಕ. ಡೌನ್‌ಲೋಡ್ ಕಿಟಕಿ ತೋರಿಸುವ ಎಂಬಿ ಬೈಟ್‌ಗಳ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಫೈಲ್ ಸೆಕೆಂಡಿಗೆ 12.5 ಎಂಬಿಗಿಂತ ವೇಗವಾಗಿ ಇಳಿಯಲಾರದು. "100ಕ್ಕೆ ದುಡ್ಡು ಕೊಟ್ಟಿದ್ದೇನೆ, 12 ದಾಟುವುದಿಲ್ಲ" ಎಂದು ಸಿಟ್ಟಿನಿಂದ ಬಂದವರು ಒಬ್ಬಿಬ್ಬರಲ್ಲ. ಅವರಿಂದ ನಾನು ಹಣ ಪಡೆಯುವುದಿಲ್ಲ, ಚಹಾ ಕುಡಿಸಿ ಕಳಿಸುತ್ತೇನೆ.

ಈಗ ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಐಪಿಕಾನ್ಫಿಗ್ ಎಂದು ಬರೆದು ಎಂಟರ್ ಒತ್ತಿದರೆ ‘ಡೀಫಾಲ್ಟ್ ಗೇಟ್‌ವೇ’ ಎಂಬಲ್ಲಿ ನಿಮ್ಮ ರೂಟರ್‌ನ ವಿಳಾಸ ಕಾಣುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಆ ವಿಳಾಸಕ್ಕೆ 50 ಸಲ ಪಿಂಗ್ ಕಳಿಸಿ (ಪಿಂಗ್ ಎಂದರೆ "ಇದ್ದೀಯಾ?" ಎಂದು ಕೇಳಿ ಉತ್ತರಕ್ಕೆ ಹಿಡಿದ ಹೊತ್ತು ಅಳೆಯುವ ಸಣ್ಣ ಸಂದೇಶ):

ಪಿಂಗ್ -ಎನ್ 50 192.168.1.1

ಅದು ಮುಗಿದ ಮೇಲೆ ಹೊರಗಿನ ವಿಳಾಸಕ್ಕೆ ಹೀಗೇ ಕಳಿಸಿ:

ಪಿಂಗ್ -ಎನ್ 50 8.8.8.8

ಮೊದಲನೆಯದು ನಿಮ್ಮ ಕಂಪ್ಯೂಟರಿನಿಂದ ರೂಟರ್‌ವರೆಗಿನ ದಾರಿಯನ್ನು ಅಳೆಯುತ್ತದೆ, ಎರಡನೆಯದು ಅಲ್ಲಿಂದಾಚೆಯದನ್ನೂ ಸೇರಿಸಿ. ಕೇಬಲ್ ಹಾಕಿದ್ದರೆ ರೂಟರ್ ಒಂದು ಮಿಲಿಸೆಕೆಂಡಿನ ಒಳಗೆ ಉತ್ತರಿಸಬೇಕು. ವೈಫೈ ಆದರೆ ಒಂದಂಕಿಯಲ್ಲಿದ್ದರೆ ಸಾಕು. ಆದರೆ ಸಾಲುಗಳು 3, 4, 180, 5, 240 ಎಂದು ಕುಣಿಯುತ್ತಿದ್ದರೆ, ಅಥವಾ ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂದರೆ, ತೊಂದರೆ ನಿಮ್ಮ ಮನೆಯೊಳಗಿದೆ, ಕೇಬಲ್‌ನವನನ್ನು ಕರೆಯಬೇಡಿ. ರೂಟರ್‌ನ ಸಾಲುಗಳು ನೆಟ್ಟಗಿದ್ದು ಹೊರಗಿನವು ಮಾತ್ರ ಕುಣಿದರೆ ಎರಡು ಸಾಧ್ಯತೆ: ಹೊರಗಿನ ತಂತಿ ಸರಿಯಿಲ್ಲ, ಇಲ್ಲವೇ ನಿಮ್ಮ ಮನೆಯ ಇನ್ನಾವುದೋ ಸಾಧನ ತೂಬು ಪೂರ್ತಿ ತೆರೆದುಕೊಂಡು ಕೂತಿದೆ. ಕೊನೆಯಲ್ಲಿ ಬರುವ ‘ಲಾಸ್ಟ್’ ಎಂಬ ಸಂಖ್ಯೆಯನ್ನು, ಅಂದರೆ ಉತ್ತರ ಬಾರದೆ ಕಳೆದುಹೋದ ಪಿಂಗ್‌ಗಳ ಲೆಕ್ಕವನ್ನು, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನೀರು ಯಾರು ಕುಡಿಯುತ್ತಿದ್ದಾರೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ನೆಟ್‌ವರ್ಕ್’ ಎಂಬ ಕಂಬಸಾಲಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಬಳಸುವ ಪ್ರೋಗ್ರಾಂ ಮೇಲೆ ಬರುತ್ತದೆ. ಇನ್ನೂ ಬಿಡಿಯಾಗಿ ನೋಡಬೇಕಾದರೆ ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ, ಅದರ ನೆಟ್‌ವರ್ಕ್ ಹಾಳೆಗೆ ಹೋಗಿ. ಅಲ್ಲಿ ಕಳಿಸಿದ್ದು ಎಷ್ಟು, ಪಡೆದದ್ದು ಎಷ್ಟು ಎಂದು ಬೇರೆಬೇರೆಯಾಗಿ ಕಾಣುತ್ತದೆ.

ಕಳಿಸಿದ್ದರ ಕಡೆಗೆ ಗಮನವಿರಲಿ, ಹೆಚ್ಚಿನವರು ಎಡವುವುದು ಇಲ್ಲೇ. ಫೈಲ್ ಇಳಿಯುವಾಗಲೂ ನಮ್ಮ ಕಂಪ್ಯೂಟರ್ "ಈ ತುಂಡು ಮುಟ್ಟಿತು, ಮುಂದಿನದು ಕಳಿಸು" ಎಂದು ಆಗಾಗ ಮೇಲಕ್ಕೆ ಉತ್ತರ ಬರೆಯುತ್ತಿರುತ್ತದೆ. ಮದುವೆಯ 4,000 ಫೋಟೊಗಳನ್ನು ಒನ್‌ಡ್ರೈವ್ ಹಿನ್ನೆಲೆಯಲ್ಲಿ ಮೇಲೇರಿಸುತ್ತಿದ್ದರೆ ಆ ಸಣ್ಣ ಉತ್ತರಗಳು ಫೋಟೊಗಳ ಹಿಂದೆ ಸಾಲು ನಿಲ್ಲುತ್ತವೆ. ಇಳಿಸುವ ದಾರಿ ಖಾಲಿಯಿದ್ದರೂ ಫೈಲ್ ತೆವಳುತ್ತದೆ. ಗಡಿಯಾರದ ಪಕ್ಕದ ಮೋಡದ ಚಿತ್ರದ ಮೇಲೆ ಕ್ಲಿಕ್ ಮಾಡಿ, ಒನ್‌ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ. ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗದ ಅರ್ಧಕ್ಕಿಂತ ಕಡಿಮೆ ಇಡುವುದು ನನ್ನ ರೂಢಿ. ತುರ್ತಿದ್ದರೆ ಎರಡು ಗಂಟೆ ಸಿಂಕ್ ನಿಲ್ಲಿಸುವ ಸೌಲಭ್ಯವೂ ಅಲ್ಲೇ ಇದೆ.

ಇನ್ನೊಂದು ತೂಬು ವಿಂಡೋಸ್‌ನದೇ. ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಡೆಲಿವರಿ ಆಪ್ಟಿಮೈಸೇಶನ್ ಎಂಬ ದಾರಿಯಲ್ಲಿ ಹೋಗಿ. ಅಪ್‌ಡೇಟ್‌ನ ತುಂಡುಗಳನ್ನು ಬೇರೆ ಕಂಪ್ಯೂಟರ್‌ಗಳಿಂದ ಪಡೆಯುವ, ಬೇರೆಯವರಿಗೆ ಕೊಡುವ ವ್ಯವಸ್ಥೆ ಇದು. ಇದನ್ನು ಪೂರ್ತಿ ಬಂದ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಒಂದೇ ಯಂತ್ರವಿದ್ದರೆ ಬಂದ್ ಮಾಡಿ. ಐದಾರು ಯಂತ್ರಗಳ ಆನ್‌ಲೈನ್ ಸೆಂಟರ್ ಇದ್ದರೆ ‘ಸ್ಥಳೀಯ ನೆಟ್‌ವರ್ಕ್‌ನ ಸಾಧನಗಳು ಮಾತ್ರ’ ಎಂಬ ಅರ್ಥದ ಆಯ್ಕೆಯನ್ನು ಇಟ್ಟುಕೊಳ್ಳಿ. ಒಂದು ಯಂತ್ರ ಹೊರಗಿನಿಂದ ತಂದದ್ದನ್ನು ಉಳಿದವು ಅದರಿಂದಲೇ ಪಡೆಯುತ್ತವೆ, ಅದೇ ಅಪ್‌ಡೇಟ್ ಐದು ಸಲ ಇಳಿಯುವುದು ತಪ್ಪುತ್ತದೆ. ಅಂತರ್ಜಾಲದ ಅಪರಿಚಿತ ಯಂತ್ರಗಳಿಗೂ ಹಂಚುವ ಆಯ್ಕೆ ಮಾತ್ರ ಬೇಡ. ಅಲ್ಲೇ ಡೌನ್‌ಲೋಡ್‌ಗೆ ಶೇಕಡಾವಾರು ಮಿತಿ ಹಾಕುವ ಜಾಗವೂ ಇದೆ. ಪಹಣಿ ತೆಗೆಸಲು ಜನ ಸರದಿ ನಿಂತಿರುವ ಹಗಲು ಹೊತ್ತಿನಲ್ಲಿ ಅಪ್‌ಡೇಟ್ ಇಳಿಯತೊಡಗಿದರೆ ಏನಾಗುತ್ತದೆಂದು ಸೆಂಟರ್ ನಡೆಸುವವರಿಗೆ ಗೊತ್ತು.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೆಟ್ ಪಡೆಯುವವರು ಆ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದು ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿಕೊಳ್ಳಲಿ. ಹೆಚ್ಚಿನ ಅಪ್‌ಡೇಟ್‌ಗಳು, ಹಿನ್ನೆಲೆಯ ಸಿಂಕ್ ಆ ಸಂಪರ್ಕದಲ್ಲಿ ತಡೆದು ನಿಲ್ಲುತ್ತವೆ. ವಾರಕ್ಕೊಮ್ಮೆ ಬೇರೆ ಸಂಪರ್ಕದಲ್ಲಿ ಅಪ್‌ಡೇಟ್ ಮಾಡುವುದನ್ನು ಮರೆಯಬಾರದು, ಅಷ್ಟೇ.

ವೈಫೈ: ಗೋಡೆ, ಬ್ಯಾಂಡ್, ವಿದ್ಯುತ್ ಉಳಿತಾಯ

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಕಲ್ಲುಮಣ್ಣಿನ ಗೋಡೆ ಬೇಸಿಗೆಯ ಧಗೆಯನ್ನು ತಡೆದಷ್ಟೇ ಚೆನ್ನಾಗಿ ವೈಫೈಯನ್ನೂ ತಡೆಯುತ್ತದೆ. ಪಡಸಾಲೆಯಲ್ಲಿ ರೂಟರ್, ಒಳಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ವಿಂಡೋಸ್‌ನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಒಮ್ಮೆ ಲ್ಯಾಪ್‌ಟಾಪನ್ನು ರೂಟರ್ ಪಕ್ಕಕ್ಕೆ ಒಯ್ದು ಪಿಂಗ್ ಮಾಡಿ. ಅಲ್ಲಿ ಸರಿಯಿದ್ದರೆ ಬದಲಿಸಬೇಕಾದದ್ದು ರೂಟರ್‌ನ ಜಾಗವನ್ನು.

ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ವೈಫೈ, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್. ಇಲ್ಲಿ ಕೆಳಗೆ ಇಳಿದರೆ ‘ಲಿಂಕ್ ಸ್ಪೀಡ್’, ‘ನೆಟ್‌ವರ್ಕ್ ಬ್ಯಾಂಡ್’ ಎಂಬ ಸಾಲುಗಳಿವೆ. ಬ್ಯಾಂಡ್ 2.4 ಗಿಗಾಹರ್ಟ್ಸ್, ಲಿಂಕ್ ಸ್ಪೀಡ್ 72 ಎಂದಿದ್ದರೆ, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. 100ರ ಪ್ಲಾನ್ ಇದ್ದವರಿಗೆ 35 ಬರುತ್ತಿರುವುದರ ಗುಟ್ಟು ಹೆಚ್ಚಾಗಿ ಇದೇ. ರೂಟರ್ 5 ಗಿಗಾಹರ್ಟ್ಸ್ ಕೊಡುತ್ತಿದ್ದರೆ ಆ ಹೆಸರಿಗೆ ಜೋಡಿಸಿ. ಎರಡಕ್ಕೂ ಒಂದೇ ಹೆಸರಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್‌ಗಳಲ್ಲಿ ವೈಫೈ ಕಾರ್ಡ್‌ನ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್ಡ್ ಹಾಳೆಯಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಅಥವಾ ಅದಕ್ಕೆ ಹತ್ತಿರದ ಹೆಸರಿನ ಸಾಲನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಕಾರ್ಡ್ ತಯಾರಕರಿಗೆ ತಕ್ಕಂತೆ ಹೆಸರು ಬೇರೆಯಾಗಬಹುದು. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳ ಕಾರ್ಡ್‌ಗೆ 5 ಬರುವುದೇ ಇಲ್ಲ. ಆದರೆ 5 ಗಿಗಾಹರ್ಟ್ಸ್ ಗೋಡೆಯ ಮುಂದೆ 2.4ಕ್ಕಿಂತ ಬೇಗ ಸೋಲುತ್ತದೆ, ಹಾಗಾಗಿ ಒಳಮನೆಯವರಿಗೆ ಹಳೆಯದೇ ಗತಿ. ಅಂಥವರು ರೂಟರ್‌ನಲ್ಲಿ 2.4ರ ಚಾನೆಲನ್ನು 1, 6, 11 ಈ ಮೂರರಲ್ಲೊಂದಕ್ಕೆ ನಿಲ್ಲಿಸಲಿ. ಇವು ಒಂದರ ಮೇಲೊಂದು ಬೀಳುವುದಿಲ್ಲ.

ಅದೇ ಪ್ರಾಪರ್ಟೀಸ್ ಕಿಟಕಿಯಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬ ಹಾಳೆಯಿದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ನಿಲ್ಲಿಸಲು ಅನುಮತಿ ಕೊಡುವ ಗುರುತನ್ನು ತೆಗೆದುಹಾಕಿ. ಐದು ನಿಮಿಷ ಸುಮ್ಮನಿದ್ದು ಮತ್ತೆ ಬ್ರೌಸರ್ ತೆರೆದಾಗ ನೆಟ್ ಎಚ್ಚರಗೊಳ್ಳಲು ತಿಣುಕುತ್ತಿದ್ದರೆ ಇದರಿಂದ ಗುಣ ಕಾಣುತ್ತದೆ. ಹೊಸ ಲ್ಯಾಪ್‌ಟಾಪ್ ಕೆಲವುಗಳಲ್ಲಿ ಈ ಹಾಳೆ ಇರುವುದಿಲ್ಲ. ಅಲ್ಲಿ ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಪವರ್ ಮೋಡ್ ಅನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ಇಟ್ಟು ನೋಡಿ. ಬ್ಯಾಟರಿ ಬೇಗ ಇಳಿಯುತ್ತದೆ, ಕರೆಂಟ್ ಹೋಗುವ ಊರಿನವರು ಯೋಚಿಸಿ ಮಾಡಿ.

ಕೇಬಲ್ ಹಾಕಿದವರಿಗೆ

ಸೆಟ್ಟಿಂಗ್ಸ್‌ನಲ್ಲಿ ಈಥರ್‌ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿ. 200ರ ಪ್ಲಾನ್ ಇದ್ದು ಅಲ್ಲಿ 100/100 ಎಂದಿದ್ದರೆ 94ರ ಆಚೆ ನೀವು ಹೋಗಲಾರಿರಿ. ಕೇಬಲ್‌ನ ಎಂಟು ತಂತಿಗಳಲ್ಲಿ ನಾಲ್ಕು ಸರಿಯಿದ್ದರೂ 100 ಓಡುತ್ತದೆ. 1000 ಓಡಲು ಎಂಟೂ ಬೇಕು. ಆ ನಾಲ್ಕನ್ನು ಬಿಟ್ಟು ಉಳಿದವುಗಳಲ್ಲಿ ಒಂದು ತಂತಿಯನ್ನು ಇಲಿ ಕಡಿದರೆ ಹೆಚ್ಚಾಗಿ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಬೇರೆ ಕೇಬಲ್ ಹಾಕಿ ನೋಡಿ. ಆಗಲೂ 100 ಇದ್ದರೆ ರೂಟರ್‌ನ ಅಥವಾ ಕಂಪ್ಯೂಟರಿನ ಪೋರ್ಟ್ ಅಷ್ಟಕ್ಕೇ ಮಾಡಿದ್ದಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಸ್ಪೀಡ್ ಆ್ಯಂಡ್ ಡುಪ್ಲೆಕ್ಸ್’ ಎಂಬುದು ‘ಆಟೊ ನೆಗೋಶಿಯೇಶನ್’ನಲ್ಲೇ ಇರಲಿ, ಕೈಯಿಂದ ಸಂಖ್ಯೆ ತುಂಬಬೇಡಿ.

ಗಿರಣಿಯ ಕಂಪ್ಯೂಟರಿನಲ್ಲಿ ಸಿಕ್ಕಿದ್ದು

ಗುಮಾಸ್ತನ ಯಂತ್ರದಲ್ಲಿ ಮೇಲಿನ ಯಾವುದೂ ತಪ್ಪಿರಲಿಲ್ಲ. ಪಿಂಗ್ ನೆಟ್ಟಗಿತ್ತು, ಕೇಬಲ್ ಸರಿಯಿತ್ತು, ಹಿನ್ನೆಲೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಕೊನೆಗೆ ಈ ಸಾಲು ಹಾಕಿದೆ:

ನೆಟ್‌ಎಸ್‌ಎಚ್ ಇಂಟರ್‌ಫೇಸ್ ಟಿಸಿಪಿ ಶೋ ಗ್ಲೋಬಲ್

ಬಂದ ಪಟ್ಟಿಯಲ್ಲಿ ‘ರಿಸೀವ್ ವಿಂಡೋ ಆಟೊ-ಟ್ಯೂನಿಂಗ್ ಲೆವೆಲ್’ ಎಂಬುದರ ಮುಂದೆ ‘ಡಿಸೇಬಲ್ಡ್’ ಎಂದಿತ್ತು. ಸಾಹುಕಾರರ ಅಣ್ಣನ ಮಗ ರಜೆಗೆ ಬಂದಿದ್ದಾಗ, ಒಂದೇ ಕಮಾಂಡ್‌ನಲ್ಲಿ ವೇಗ ದುಪ್ಪಟ್ಟು ಎಂಬ ವಿಡಿಯೊ ನೋಡಿ ಮಾಡಿದ್ದನಂತೆ.

ಇದು ಏನು ಮಾಡುತ್ತದೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಫೈಲ್ ಕಳಿಸುವ ಸರ್ವರ್ ಎಲ್ಲವನ್ನೂ ಒಮ್ಮೆಗೇ ಸುರಿಯುವುದಿಲ್ಲ. "ಇಷ್ಟು ಕಳಿಸು, ನಾನು ಮುಟ್ಟಿತು ಎಂದ ಮೇಲೆ ಮುಂದಿನದು" ಎಂದು ನಮ್ಮ ಕಂಪ್ಯೂಟರ್ ಮೊದಲೇ ಅಳತೆ ಹೇಳಿರುತ್ತದೆ. ಈ ಅಳತೆಗೆ ರಿಸೀವ್ ವಿಂಡೋ ಎನ್ನುತ್ತಾರೆ. ಹೀಗೆ ತುಂಡುತುಂಡಾಗಿ ಕಳಿಸಿ ಪಡೆಯುವ ನಿಯಮಕ್ಕೆ ಟಿಸಿಪಿ ಎಂದು ಹೆಸರು; ಅದರ ಮೂಲ ರಚನೆಯಲ್ಲಿ ಇದು 65,535 ಬೈಟ್ ದಾಟುವಂತಿರಲಿಲ್ಲ. 1992ರಲ್ಲಿ ಅದನ್ನು ಹಿಗ್ಗಿಸುವ ದಾರಿ ಬಂತು. ವಿಂಡೋಸ್ ವಿಸ್ತಾ ಎಂಬ ಹಳೆಯ ಆವೃತ್ತಿಯಿಂದ ಈಚೆಗೆ, ಸಂಪರ್ಕದ ವೇಗ ಮತ್ತು ದೂರ ನೋಡಿಕೊಂಡು ಈ ಅಳತೆಯನ್ನು ವಿಂಡೋಸ್ ತಾನೇ ಹೆಚ್ಚುಕಡಿಮೆ ಮಾಡುತ್ತದೆ. ಆಟೊ-ಟ್ಯೂನಿಂಗ್ ಎಂದರೆ ಇದೇ. ಅದನ್ನು ಬಂದ್ ಮಾಡಿದರೆ ಅಳತೆ ಮತ್ತೆ ಸುಮಾರು 64 ಕೆಬಿಗೆ ಕುಸಿಯುತ್ತದೆ.

ಲೆಕ್ಕ ಹಾಕಿ ನೋಡಿ. ಸರ್ವರ್‌ಗೆ ಹೋಗಿ ಬರಲು 40 ಮಿಲಿಸೆಕೆಂಡ್ ಬೇಕಾದರೆ ಸೆಕೆಂಡಿಗೆ 25 ಸುತ್ತು. ಸುತ್ತಿಗೆ 65,535 ಬೈಟ್ ಎಂದರೆ ಸೆಕೆಂಡಿಗೆ 1.6 ಎಂಬಿ, ಅಂದರೆ 13 ಎಂಬಿಪಿಎಸ್. ನಿಮ್ಮ ಪ್ಲಾನ್ 100 ಇರಲಿ, 500 ಇರಲಿ, ಆ ಒಂದು ಫೈಲ್‌ಗೆ ಸಿಗುವುದು 13 ಮಾತ್ರ. 800 ಎಂಬಿಯ ಫೈಲ್ ಒಂದು ನಿಮಿಷ ಚಿಲ್ಲರೆಯಲ್ಲಿ ಇಳಿಯಬೇಕಾದದ್ದು ಎಂಟು ನಿಮಿಷ ದಾಟುತ್ತದೆ. ಸರ್ವರ್ ವಿದೇಶದಲ್ಲಿದ್ದು ಸುತ್ತಿಗೆ 200 ಮಿಲಿಸೆಕೆಂಡ್ ಆದರೆ 2.6 ಎಂಬಿಪಿಎಸ್! ಹಾಗಾದರೆ ಸ್ಪೀಡ್ ಟೆಸ್ಟ್ 94 ತೋರಿಸಿದ್ದು ಹೇಗೆ? ಅದು ಹತ್ತಿರದ ಸರ್ವರ್ ಹುಡುಕುತ್ತದೆ, ಒಂದಲ್ಲ ಹಲವು ಸಂಪರ್ಕಗಳನ್ನು ಏಕಕಾಲಕ್ಕೆ ತೆರೆಯುತ್ತದೆ. ಹಲವು ಸಣ್ಣ ಕೊಡಗಳು ಸೇರಿ ತೊಟ್ಟಿ ತುಂಬಿದಂತೆ ಕಾಣುತ್ತದೆ.

ಕಮಾಂಡ್ ಪ್ರಾಂಪ್ಟ್ ಮೇಲೆ ಬಲಗುಂಡಿ ಒತ್ತಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಯ್ದು ಇದನ್ನು ಬರೆದೆ:

ನೆಟ್‌ಎಸ್‌ಎಚ್ ಇಂಟರ್‌ಫೇಸ್ ಟಿಸಿಪಿ ಸೆಟ್ ಗ್ಲೋಬಲ್ ಆಟೊಟ್ಯೂನಿಂಗ್‌ಲೆವೆಲ್=ನಾರ್ಮಲ್

‘ಓಕೆ’ ಎಂದು ಬಂತು. ಗುಮಾಸ್ತ ಅದೇ ಫೈಲನ್ನು ಮತ್ತೆ ಇಳಿಸಲು ಹಚ್ಚಿ, ಚಹಾ ಲೋಟ ಕೆಳಗಿಡುವಷ್ಟರಲ್ಲಿ ಮುಗಿದದ್ದು ನೋಡಿ, ಫೈಲ್ ತೆರೆದು ನಿಜಕ್ಕೂ ಪೂರ್ತಿ ಬಂದಿದೆಯೇ ಎಂದು ಪರೀಕ್ಷಿಸಿದ. ನಂಬಿಕೆ ಹುಟ್ಟಲಿಲ್ಲ ಪಾಪ. ಇನ್ನೊಮ್ಮೆ ಇಳಿಸಿದ.

ಈ ಬಂದ್ ಮಾಡುವ ಸಲಹೆ ಪೂರ್ತಿ ಹುಚ್ಚಲ್ಲ. ಹಿಗ್ಗಿದ ವಿಂಡೋ ಅರ್ಥವಾಗದ ಕೆಲವು ಹಳೆಯ ರೂಟರ್‌ಗಳು ವಿಸ್ತಾ ಕಾಲದಲ್ಲಿ ಇದ್ದವು, ಆಗ ಬಂದ್ ಮಾಡಿದರೆ ನೆಟ್ ಓಡುತ್ತಿತ್ತು. ರೂಟರ್‌ಗಳು ಗುಜರಿ ಸೇರಿದರೂ ಸಲಹೆ ಮಾತ್ರ ವಿಡಿಯೊದಿಂದ ವಿಡಿಯೊಗೆ ಬದುಕಿದೆ.

ಇದೇ ಜಾತಿಯ ಇನ್ನೊಂದು, ‘ವಿಂಡೋಸ್ ನಿಮ್ಮ ವೇಗದ ಶೇ 20 ಬಚ್ಚಿಟ್ಟಿದೆ’ ಎಂಬುದು. ಗ್ರೂಪ್ ಪಾಲಿಸಿ ಎಂಬ ವಿಂಡೋಸ್‌ನ ನಿಯಮಪಟ್ಟಿಯಲ್ಲಿ ಅಂಥ ಸಾಲು ಇರುವುದು ನಿಜ. ಆದರೆ ಆದ್ಯತೆ ಬೇಕೆಂದು ಕೇಳಿಕೊಳ್ಳುವ ಪ್ರೋಗ್ರಾಂ ಓಡುತ್ತಿದ್ದಾಗ ಮಾತ್ರ ಅದಕ್ಕೆ ಅರ್ಥ. ಉಳಿದ ಹೊತ್ತು ಪೂರ್ತಿ ವೇಗ ಎಲ್ಲರದು. ಸೊನ್ನೆ ಮಾಡಿದರೆ ಏನೂ ಬದಲಾಗದು. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯನ್ನು ತೆಗೆದುಹಾಕುವುದೂ ಬೇಡ. ವೇಗ ಹೆಚ್ಚಿಸುವ ಉಚಿತ ಸಾಫ್ಟ್‌ವೇರ್‌ಗಳ ಬಗ್ಗೆ ಹೇಳುವುದಾದರೆ, ಅವುಗಳನ್ನು ತೆಗೆದುಹಾಕಿ ನೆಟ್ ಸರಿಪಡಿಸಿದ್ದುಂಟು, ಹಾಕಿ ಸರಿಪಡಿಸಿದ್ದು ಒಮ್ಮೆಯೂ ಇಲ್ಲ.

ಡಿಎನ್‌ಎಸ್, ಪ್ರಾಕ್ಸಿ, ಎಂಟಿಯು

ಡಿಎನ್‌ಎಸ್ ಬದಲಿಸಿದರೆ ಫೈಲ್ ವೇಗವಾಗಿ ಇಳಿಯುವುದಿಲ್ಲ. ಅದು ಜಾಲತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಕೆಲಸ ಮಾತ್ರ ಮಾಡುತ್ತದೆ. ಪುಟ ತೆರೆಯುವ ಮುನ್ನ ಎರಡು ಮೂರು ಸೆಕೆಂಡ್ ಬಿಳಿ ಪರದೆ ನಿಂತು, ಆಮೇಲೆ ಎಲ್ಲ ಸರ್ರನೆ ಬರುತ್ತಿದ್ದರೆ ಬದಲಿಸಿ ನೋಡಿ. ನೆಟ್‌ವರ್ಕ್ ಪ್ರಾಪರ್ಟೀಸ್‌ನಲ್ಲಿ ‘ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್’ ಪಕ್ಕದ ಎಡಿಟ್ ಒತ್ತಿ, ಮ್ಯಾನುಯಲ್ ಆಯ್ದು, ಐಪಿವಿ4 ಆನ್ ಮಾಡಿ, 1.1.1.1 ಮತ್ತು 1.0.0.1 ತುಂಬಿ, ಇದು ಕ್ಲೌಡ್‌ಫ್ಲೇರ್‌ನದು. ಗೂಗಲ್‌ನದಾದರೆ 8.8.8.8 ಮತ್ತು 8.8.4.4. ಹಿಂದಿನ ನೆನಪು ಅಳಿಸಲು ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಸಾಲು ಸಾಕು. ಬದಲಿಸಿದ ಮೇಲೆ ವಿಡಿಯೊ ಮೊದಲಿಗಿಂತ ನಿಧಾನವಾದರೆ ಹಳೆಯದಕ್ಕೇ ಮರಳಿ. ಹೊರಗಿನ ಡಿಎನ್‌ಎಸ್ ಕೆಲವೊಮ್ಮೆ ದೂರದ ಸರ್ವರ್‌ನ ವಿಳಾಸ ಕೊಡುತ್ತದೆ. ಕಚೇರಿ, ಕಾಲೇಜಿನ ಒಳಜಾಲದ ಪುಟಗಳು ತೆರೆಯದೇ ಹೋಗುವುದೂ ಉಂಟು.

ಪ್ರಾಕ್ಸಿ ಎಂದರೆ ನಮ್ಮ ನೆಟ್ ಹಾದುಹೋಗುವ ಮಧ್ಯವರ್ತಿ ಕಂಪ್ಯೂಟರ್. ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ ನೀವು ಹಾಕದ ವಿಳಾಸ ಕಂಡರೆ ಅಳಿಸಿ, ಆಮೇಲೆ ವೈರಸ್ ತಪಾಸಣೆ ಮಾಡಿ.

ಎಂಟಿಯು ಎಂದರೆ ಒಂದು ತುಂಡಿನಲ್ಲಿ ಹೋಗಬಹುದಾದ ಅತಿ ಹೆಚ್ಚಿನ ಬೈಟ್‌ಗಳ ಲೆಕ್ಕ. ಅದರ ತಂಟೆಗೆ ಹೋಗಬೇಕಾದದ್ದು ಅಪರೂಪ. ಕೆಲವು ತಾಣಗಳು ಮಾತ್ರ ಅರ್ಧ ತೆರೆದು ನಿಂತುಬಿಡುತ್ತಿದ್ದರೆ ‘ಪಿಂಗ್ -ಎಫ್ -ಎಲ್ 1472 1.1.1.1’ ಹಾಕಿ. ಉತ್ತರ ಬಂದರೆ ಎಂಟಿಯು 1500, ಚಿಂತೆಯಿಲ್ಲ. ತುಂಡು ಮಾಡಬೇಕೆಂಬ ಸಂದೇಶ ಬಂದರೆ 1464 ಹಾಕಿ ನೋಡಿ. ಅದಕ್ಕೆ ಉತ್ತರ ಬಂದರೆ 28 ಸೇರಿಸಿ 1492. ಬಳಕೆದಾರ ಹೆಸರು, ಗುಪ್ತಪದ ಕೇಳುವ ಪಿಪಿಪಿಒಇ ಸಂಪರ್ಕಗಳ ಅಳತೆ ಅದು. ಈ ಸಂಖ್ಯೆಯನ್ನು ರೂಟರ್‌ನಲ್ಲಿ ಹಾಕುವುದೇ ಒಳ್ಳೆಯದು, ಆಗ ಮನೆಯ ಎಲ್ಲ ಸಾಧನಗಳಿಗೂ ಅನ್ವಯಿಸುತ್ತದೆ.

ಎಲ್ಲ ಮಾಡಿದರೂ ಆಗದಿದ್ದರೆ

ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ರೀಸೆಟ್’ ಇದೆ. ಅಡಾಪ್ಟರ್‌ಗಳನ್ನು ತೆಗೆದು ಹೊಸದಾಗಿ ಹಾಕುತ್ತದೆ, ಉಳಿಸಿದ ವೈಫೈ ಗುಪ್ತಪದಗಳೆಲ್ಲ ಹೋಗುತ್ತವೆ. ವಿಪಿಎನ್ ಇದ್ದರೆ ಮತ್ತೆ ಹೊಂದಿಸಬೇಕಾಗಬಹುದು. ಗುಪ್ತಪದ ಬರೆದಿಟ್ಟುಕೊಂಡೇ ಒತ್ತಿ.

ಅದರ ನಂತರವೂ ರೂಟರ್‌ನ ಪಿಂಗ್ ಚೆನ್ನಾಗಿದ್ದು ಹೊರಗಿನದು ಮಾತ್ರ ಕೆಟ್ಟಿದ್ದರೆ, ಮನೆಯ ಉಳಿದ ಸಾಧನಗಳನ್ನೆಲ್ಲ ಆಫ್ ಮಾಡಿ, ಕೇಬಲ್ ಹಾಕಿ, ಬೆಳಿಗ್ಗೆ ಏಳಕ್ಕೊಮ್ಮೆ ರಾತ್ರಿ ಒಂಬತ್ತಕ್ಕೊಮ್ಮೆ ಅಳೆಯಿರಿ. ಬೆಳಿಗ್ಗೆ ಸರಿಯಿದ್ದು ರಾತ್ರಿ ಮಾತ್ರ ಕುಣಿದರೆ ನಿಮ್ಮ ಬಡಾವಣೆಯ ಸಾಲಿಗೆ ಜನ ಹೆಚ್ಚಾಗಿದ್ದಾರೆ ಎಂದು ತಿಳಿಯಿರಿ. ಎರಡೂ ಹೊತ್ತು ಲಾಸ್ಟ್ ಸಂಖ್ಯೆ ಬರುತ್ತಿದ್ದರೆ ತಂತಿಯ ಜೋಡಣೆ ನೋಡಬೇಕು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ, ಅಳತೆಯ ಅಗತ್ಯವೂ ಇಲ್ಲ.

ಫೋನಿನಲ್ಲಿ "ನೆಟ್ ಸ್ಲೋ ಇದೆ" ಎಂದರೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಿಗೆ ಚೀಟಿ ನೋಡಿಕೊಂಡು ಹೇಳಿ: "ಕೇಬಲ್ ಹಾಕಿ ನೋಡಿದ್ದೇನೆ. ರೂಟರ್‌ಗೆ 50ಕ್ಕೆ 50 ಬರುತ್ತಿದೆ, ಹೊರಗೆ 50ರಲ್ಲಿ 9 ಕಳೆದುಹೋಗುತ್ತಿದೆ, ರಾತ್ರಿಯೂ ಹಗಲೂ ಒಂದೇ." ಹೀಗೆ ಹೇಳಿದ ನನ್ನ ಪಕ್ಕದ ಹೊಲಿಗೆ ಅಂಗಡಿಯ ಅಕ್ಕನ ಮನೆಗೆ ಮರುದಿನ ಮಧ್ಯಾಹ್ನ ಏಣಿ ಹೊತ್ತು ಹುಡುಗರಿಬ್ಬರು ಬಂದು, ಕಂಬದ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದ್ದ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಮಾಡಿ ಹೋದರು.